ಲಿನೆಟ್ ದೋಣಿಯ ಬಿಸಿನೀರು

ಜನವರಿ 8, ಭಾನುವಾರ
ವೀಟನ್ ಆಸ್ಟನ್

ತಲೆಗೆ ಶಾಂಪೂ ಹಚ್ಚಿ ನೊರೆ ಕಣ್ಣಿಗಿಳಿಯುವ ಹೊತ್ತಿಗೆ ಸರಿಯಾಗಿ ಗೀಸರ್ ಆರಿಹೋಯಿತು. ಈ ವಾರದಲ್ಲಿ ನಾಲ್ಕನೇ ಸಲ. ಹೊತ್ತಿಕೊಳ್ಳುತ್ತದೆ, ಎರಡು ನಿಮಿಷ ಗುರುಗುಟ್ಟುತ್ತದೆ, ಟಪ್ಪೆಂದು ಆರುತ್ತದೆ. ಆಮೇಲೆ ಬಂದ ನೀರನ್ನು ನೆನೆಸಿಕೊಂಡರೆ ಈಗಲೂ ಮೈ ನಡುಗುತ್ತದೆ.

ನಾನು ಕಿರುಚಿದ್ದಕ್ಕೆ ಬರ್ನಾರ್ಡ್ ಟವೆಲು ಹಿಡಿದು ಬಂದ. ಬಂದವನು ಅದನ್ನು ನನಗೆ ಕೊಡದೆ ಗೀಸರಿಗೆ ಕಿವಿಗೊಟ್ಟು ನಿಂತ. ನಲವತ್ತು ವರ್ಷ ಊರೂರು ತಿರುಗಿ ಪಿಯಾನೋಗಳ ಶ್ರುತಿ ಸರಿಮಾಡಿದ ಮನುಷ್ಯ ನನ್ನ ಗಂಡ. ಯಾವ ಯಂತ್ರ ಕೆಟ್ಟರೂ ಮೊದಲು ಕೇಳಿಸಿಕೊಳ್ಳುತ್ತಾನೆ.

“ಶ್ರುತಿ ಇಳಿದಿದೆ ಥೆಲ್ಮಾ,” ಅಂದ. “ಮೊದಲು ಇದು ಹೀಗೆ ಹಾಡ್ತಿರಲಿಲ್ಲ.”

“ನನ್ನ ಶ್ರುತಿ ಏರಿದೆ, ಅದು ಕೇಳಿಸ್ತಾ? ಟವೆಲ್ ಕೊಡು.”

ಕಾಲುವೆಯ ಅಂಚಿಗೆಲ್ಲ ಮಂಜುಗಡ್ಡೆ ಕಟ್ಟಿದೆ. ಐವತ್ತೇಳು ಅಡಿ ಉದ್ದ, ಏಳಡಿ ಅಗಲದ, ಮನೆಯೂ ದೋಣಿಯೂ ಆದ ಈ ಕಬ್ಬಿಣದ ಡಬ್ಬಿಯಲ್ಲಿ ಇದು ನಮ್ಮ ಹನ್ನೊಂದನೇ ಚಳಿಗಾಲ. ಗಾಳಿ ಎಲ್ಲಿಂದ ಬರುತ್ತದೋ ಅಂತ ಬೆನ್ನಟ್ಟಿ ನೋಡಿದರೆ ಚಾವಣಿಯ ಗಾಳಿಕಿಂಡಿಗಳಿಂದ. ಬರ್ನಾರ್ಡನ ಹಳೆಯ ಉಣ್ಣೆ ಕಾಲುಚೀಲಗಳನ್ನು ಸುರುಳಿ ಸುತ್ತಿ ಐದಕ್ಕೂ ತುರುಕಿದೆ. ಬಾಗಿಲ ಕೆಳಗಿನ ಜಾಲರಿಗೆ ಹಳೇ ದಿಂಬು ಒತ್ತಿದೆ.

“ಅದನ್ನ ಮುಚ್ಚಬಾರದು ಅಂತ ತಪಾಸಣೆಯವನು ಹೇಳಿದ್ದನಲ್ಲ?” ಅಂದ ಇವನು.

“ತಪಾಸಣೆಯವನು ರೇಡಿಯೇಟರ್ ಇರೋ ಇಟ್ಟಿಗೆ ಮನೇಲಿ ಮಲಗ್ತಾನೆ.”

ಈ ಕಾಲುವೆಯಲ್ಲಿ ಜನವರಿಯಲ್ಲಿ ಗಾಳಿಕಿಂಡಿ ಮುಚ್ಚದ ದೋಣಿ ಒಂದಾದರೂ ಇದ್ದರೆ ತೋರಿಸಲಿ. ಸಂಜೆಗೆ ದೋಣಿ ಎಷ್ಟು ಬೆಚ್ಚಗಾಯಿತೆಂದರೆ ಸ್ವೆಟರ್ ಬಿಚ್ಚಿ ಕೂತೆವು. ನನ್ನ ಬಗ್ಗೆ ನನಗೇ ಮೆಚ್ಚುಗೆಯಾಯಿತು.

ನನ್ನ ಅಕ್ಕ ಮಾಡ್ ಇದ್ದಾಗ ಇಂಥದ್ದನ್ನೆಲ್ಲ ಅವಳಿಗೆ ಕಾಗದ ಬರೆಯುತ್ತಿದ್ದೆ. ಅವಳು ಹೋಗಿ ಆರು ವರ್ಷವಾಯಿತು. ಈಗ ಈ ಪುಸ್ತಕವೇ ಗತಿ.

ಜನವರಿ 11, ಬುಧವಾರ

ಬೆಳಗಿನಿಂದ ಗ್ಯಾಸ್ ರಿಪೇರಿಯವರಿಗೆ ಫೋನ್ ಮಾಡುವುದೇ ಕೆಲಸವಾಯಿತು. ಮೊದಲನೆಯವಳು ಮನೆ ನಂಬರ್ ಕೇಳಿದಳು.

“ಮನೆ ಅಲ್ಲ, ದೋಣಿ.”

“ಸರಿ, ರಸ್ತೆ ಯಾವುದು?”

“ರಸ್ತೆ ಇಲ್ಲಮ್ಮ, ಕಾಲುವೆ. ಸೇತುವೆ ನಂಬರ್ ಹತ್ತೊಂಬತ್ತರ ಪಕ್ಕ.”

“ಪಿನ್‌ಕೋಡ್ ಹಾಕದೆ ನನ್ನ ಕಂಪ್ಯೂಟರ್ ಮುಂದಕ್ಕೆ ಹೋಗಲ್ಲ.”

“ನನ್ನ ದೋಣಿ ಹೋಗುತ್ತಲ್ಲ, ಅದಕ್ಕೇ ಅದಕ್ಕೆ ಪಿನ್‌ಕೋಡ್ ಇಲ್ಲ,” ಅಂದೆ. ಅವಳು ಫೋನಿಟ್ಟಳು. ಮೂವತ್ತು ವರ್ಷ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ಊರಿನ ವಿಳಾಸಗಳನ್ನೆಲ್ಲ ಬಾಯಿಪಾಠ ಮಾಡಿದವಳಿಗೆ ಈಗ ಸ್ವಂತ ವಿಳಾಸವಿಲ್ಲ. ಬರ್ನಾರ್ಡನಿಗೆ ಇದು ಹನ್ನೊಂದು ವರ್ಷ ಹಳೆಯ ಹಾಸ್ಯ.

ಎರಡನೆಯವನು, ಮೂರನೆಯವನು ಇಬ್ಬರೂ ಒಂದೇ ರಾಗ: ಮನೆಗಳ ಗ್ಯಾಸ್ ಮುಟ್ಟುವ ಪರವಾನಗಿ ಇದೆ, ದೋಣಿಯದ್ದಿಲ್ಲ. ಮುಟ್ಟಿದರೆ ಕೆಲಸ ಹೋಗುತ್ತದೆ. ಅದೇ ಗ್ಯಾಸು, ಅದೇ ಬೆಂಕಿ, ಕೆಳಗೆ ನೀರಿದ್ದ ಮಾತ್ರಕ್ಕೆ ಏನು ಬದಲಾಗುತ್ತದೋ ನನಗೆ ತಿಳಿಯದು. ಕೊನೆಗೆ ಕಾಲುವೆಯುದ್ದಕ್ಕೂ ಕಲ್ಲಿದ್ದಲು ಮಾರುವ ದೋಣಿಯ ಡಾಟ್ ಒಂದು ನಂಬರ್ ಕೊಟ್ಟಳು. ಕೀತ್ ಬ್ಲೋರ್, ದೋಣಿಯ ಪರವಾನಗಿ ಇರುವವನು.

“ಇಪ್ಪತ್ತನೇ ತಾರೀಕು ಶುಕ್ರವಾರ ಬರ್ತೀನಿ ಬಾತು,” ಅಂದ ಕೀತ್. ಈ ಸೀಮೆಯಲ್ಲಿ ಅಕ್ಕರೆಗೆ ಎಲ್ಲರೂ ಎಲ್ಲರನ್ನೂ ಬಾತುಕೋಳಿ ಅಂತಲೇ ಕರೆಯುವುದು. “ಆವತ್ತು ಎಲ್ಲಿರ್ತೀರಿ?”

ಅದೇ ತೊಂದರೆ. ಕಟ್ಟಿ ನಿಲ್ಲಿಸಲು ಸ್ವಂತ ಜಾಗವಿಲ್ಲದ ನಮ್ಮಂಥ ದೋಣಿಗಳು ಹದಿನಾಲ್ಕು ದಿನಕ್ಕಿಂತ ಹೆಚ್ಚು ಒಂದೇ ಕಡೆ ನಿಲ್ಲುವಂತಿಲ್ಲ. ನಮ್ಮ ಹದಿನಾಲ್ಕು ಸೋಮವಾರಕ್ಕೆ ಮುಗಿಯುತ್ತದೆ. ಹೊಸ ಜಾಗಕ್ಕೆ ಹೋಗಿ ಸೇತುವೆಯ ನಂಬರ್ ಹೇಳುತ್ತೇನೆ ಅಂದೆ.

ಜನವರಿ 13, ಶುಕ್ರವಾರ

ಬಿಸಿನೀರು ಬಂತು. ಬರ್ನಾರ್ಡ್ ಗೀಸರಿನ ಮುಚ್ಚಳ ಬಿಚ್ಚಿ, ಅರ್ಧ ದಿನ ಕಿವಿಗೊಟ್ಟು, ಯಾವುದೋ ಒಂದು ತಂತಿಯನ್ನು ಹೇಗೋ ಮಾಡಿದ. ಈಗ ಅದು ಆರುವುದೇ ಇಲ್ಲ. “ಸುಮ್ಮಸುಮ್ನೆ ಹೆದರ್ಕೊಂಡು ಆರ್ತಿತ್ತು. ಆ ಹೆದರಿಕೆ ತೆಗೆದುಹಾಕಿದೆ,” ಅಂದ. ಉರಿ ಸ್ವಲ್ಪ ಹಳದಿ, ಅಷ್ಟೇ.

ಇಪ್ಪತ್ತು ನಿಮಿಷ ನೀರಿನ ಕೆಳಗೆ ನಿಂತೆ. ಹೊರಗೆ ಬಂದು ಅವನ ಬೋಳು ತಲೆಗೆ ಮುತ್ತಿಟ್ಟೆ. ಕೀತ್ ಹೇಗೂ ಬರುತ್ತಾನೆ, ನೋಡಿಕೊಂಡು ಹೋಗಲಿ.

ಜನವರಿ 15, ಭಾನುವಾರ

ತಲೆನೋವು. ನೆಗಡಿ ಬರುತ್ತಿರಬೇಕು. ಬರ್ನಾರ್ಡನಿಗೂ ಇದೆ.

ಗೋಡೆಯ ಗ್ಯಾಸ್ ಅಲಾರಂ ಒಂದು ರಗಳೆ. ನಾನು ಸ್ನಾನಕ್ಕೆ ಹೋದಾಗಲೆಲ್ಲ ಕಿರುಚುತ್ತದೆ. ಹಬೆ ತಾಗಿ ಹಾಗಾಗುತ್ತದೆ ಅಂತ ಬರ್ನಾರ್ಡ್ ಹೇಳಿದ, ನನಗೂ ಹಾಗೇ ಅನ್ನಿಸಿತು. ಕಿತ್ತು ಹೊರಗೆ ದೋಣಿಯ ಮುಂಭಾಗದ ಮೊಳೆಗೆ ನೇತುಹಾಕಿದೆ. ಅಲ್ಲಿ ಬಾಯಿ ಮುಚ್ಚಿಕೊಂಡಿದೆ.

ಇನ್ನೊಂದು ವಿಷಯ ಬರೆಯಬೇಕೋ ಬೇಡವೋ ಗೊತ್ತಾಗುತ್ತಿಲ್ಲ. ಮಧ್ಯಾಹ್ನ ಪಾತ್ರೆ ತೊಳೆದು ಬಂದು ಕೂತ ಬರ್ನಾರ್ಡ್, “ಮಾಡ್ ಯಾವಾಗ ಬರ್ತಾಳೆ?” ಅಂದ. ನಾನು ತಮಾಷೆ ಅಂದುಕೊಂಡೆ. ಮುಖ ನೋಡಿದರೆ ತಮಾಷೆ ಇರಲಿಲ್ಲ.

“ಮಾಡ್ ಸತ್ತು ಆರು ವರ್ಷ ಆಯ್ತು ಬರ್ನಾರ್ಡ್.”

“ಗೊತ್ತು,” ಅಂದ. “ಗೊತ್ತಿಲ್ದೆ ಏನು.”

ಜನವರಿ 18, ಬುಧವಾರ
ಪೆಂಕ್ರಿಜ್

ಬಂದು ತಲುಪಿದೆವು. ಜಂಕ್ಷನ್ನಿನಲ್ಲಿ ತಿರುಗಿ ಶ್ರಾಪ್‌ಶೈರ್ ಕಾಲುವೆ ಬಿಟ್ಟು ಸ್ಟಾಫರ್ಡ್‌ಶೈರ್ ಕಾಲುವೆಗೆ ಬಂದದ್ದು ನಿನ್ನೆ. ನಾನು ಚುಕ್ಕಾಣಿ ಹಿಡಿದಿದ್ದೆ. ತಣ್ಣನೆಯ ಗಾಳಿ ಮುಖಕ್ಕೆ ಬಡಿಯುತ್ತಿದ್ದರೆ ತಲೆನೋವೂ ಇಲ್ಲ, ಏನೂ ಇಲ್ಲ. ಬೋಳು ಮರಗಳು, ಹಿಮ ಬಿದ್ದ ಗದ್ದೆ, ಎಂಜಿನ್ನಿನ ಸದ್ದು. ಈ ದೋಣಿಯ ಮೇಲೆ ನಿಂತಾಗ ನನಗೆ ಅರವತ್ತಾರು ವರ್ಷವಾಗಿದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಇವತ್ತು ಬೆಳಿಗ್ಗೆ ಇಬ್ಬರೂ ಸ್ನಾನ ಮಾಡಿ ಹೊರಟದ್ದೇ ತಡ, ನೀರು ಏರಿಳಿಸಿ ದೋಣಿ ದಾಟಿಸುವ ಲಾಕ್‌ನಲ್ಲಿ ಮರ್ಯಾದೆ ಹೋಯಿತು. ದೋಣಿ ಕೆಳಗಿಳಿಯಬೇಕಾದರೆ ಮೇಲಿನ ಬಾಗಿಲ ನೀರುಕಿಂಡಿ ಮುಚ್ಚಿ ನಾನು ದೋಣಿ ಹತ್ತುವುದು, ಕೆಳಗಿನ ಬಾಗಿಲ ಕಿಂಡಿ ತೆರೆಯುವುದು ಅವನು. ಹನ್ನೊಂದು ವರ್ಷದ ವಾಡಿಕೆ. ಅರ್ಧ ಗಂಟೆ ಕಾದರೂ ದೋಣಿ ಒಂದಂಗುಲ ಇಳಿಯಲಿಲ್ಲ. ಹಿಂದೆ ಕಾಯುತ್ತಿದ್ದ ಡಾಟ್ ತನ್ನ ಕಲ್ಲಿದ್ದಲು ದೋಣಿಯಿಂದ ಇಳಿದು ಬಂದು, “ಮೇಲಿನ ಕಿಂಡಿ ಹಾಗೇ ತೆಗ್ದಿದೆಯಲ್ಲ ಬಾತು. ಇಡೀ ಕಾಲುವೆನೇ ಖಾಲಿ ಮಾಡ್ಬೇಕು ಅಂತಿದೀರಾ?” ಅಂದಳು. ಬರ್ನಾರ್ಡನ ಮೇಲೆ ಕೆಂಡದಂಥ ಕೋಪ ಬಂತು. ಅವನು ಮಂಕಾಗಿ ನಿಂತಿದ್ದ.

ಡಾಟ್ ನನ್ನನ್ನು ಪಕ್ಕಕ್ಕೆ ಕರೆದಳು. “ನೀನೂ ಯಾಕೋ ಸರಿ ಕಾಣ್ತಿಲ್ಲ. ಕೆನ್ನೆ ನೋಡು, ಹುಡುಗಿ ಥರ ಕೆಂಪಗಿದೆ.”

“ಚಳಿಗೆ,” ಅಂದೆ.

ಕಿಂಡಿ ತಿರುಗಿಸುವ ಕಬ್ಬಿಣದ ಹಿಡಿಕೆ ಸಂಜೆ ಬ್ರೆಡ್ಡಿನ ಡಬ್ಬಿಯಲ್ಲಿ ಸಿಕ್ಕಿತು. ಬರ್ನಾರ್ಡನನ್ನು ಕೇಳಿದರೆ ತಾನಿಟ್ಟಿಲ್ಲ ಅನ್ನುತ್ತಾನೆ. ದೋಣಿಯಲ್ಲಿ ಇರುವುದು ಇಬ್ಬರೇ. ನನ್ನ ಗಂಡನ ತಲೆಗೆ ಏನೋ ಆಗುತ್ತಿದೆ.

ಕೀತ್‌ಗೆ ಫೋನ್ ಮಾಡಿ ವಿಳಾಸ ಕೊಟ್ಟೆ. ಶ್ರಾಪ್‌ಶೈರ್ ಕಾಲುವೆ, ಸೇತುವೆ ನಂಬರ್ 86.

ಜನವರಿ 20, ಶುಕ್ರವಾರ

ಕೀತ್ ಬರಲಿಲ್ಲ. ಮಧ್ಯಾಹ್ನ ಫೋನ್ ಬಂತು.

“ಎಂಬತ್ತಾರರ ಹತ್ರಾನೇ ನಿಂತಿದೀನಿ ಬಾತು. ಲಿನೆಟ್ ಅನ್ನೋ ದೋಣಿ ಎಲ್ಲೂ ಇಲ್ಲ.”

“ನಾನೂ ಎಂಬತ್ತಾರರ ಹತ್ರಾನೇ ನಿಂತಿದೀನಿ. ನಿನ್ನ ವ್ಯಾನ್ ಎಲ್ಲೂ ಇಲ್ಲ.”

ಅವನು ನಿಂತಿದ್ದದ್ದು ನಾಂಟ್ವಿಚ್ ಹತ್ತಿರ, ಶ್ರಾಪ್‌ಶೈರ್ ಕಾಲುವೆಯ ಎಂಬತ್ತಾರರಲ್ಲಿ. ನಾವಿರುವುದು ಸ್ಟಾಫರ್ಡ್‌ಶೈರ್ ಕಾಲುವೆಯ ಎಂಬತ್ತಾರರಲ್ಲಿ. ಬರ್ನಾರ್ಡ್ ತಪ್ಪು ಕಾಲುವೆ ಹೇಳಿದ್ದಾನೆ. ನಾನಾಗಿದ್ದರೆ ಇಂಥ ತಪ್ಪು ಆಗುತ್ತಿತ್ತೇ? ಮೂವತ್ತು ವರ್ಷ ಅಂಚೆ ಕಚೇರಿ. ಚೆನ್ನಾಗಿ ಬೈದೆ. “ನಾನು ಫೋನ್ ಮಾಡಿದ ನೆನಪಿಲ್ಲ,” ಅಂದ. ನೆನಪಿಲ್ಲವಂತೆ. ಅದೇ ಅಲ್ಲವೇ ಸಂಕಟ.

ಇನ್ನು ಫೆಬ್ರವರಿ ಮೂರಕ್ಕೆ ಬರುತ್ತಾನಂತೆ. ಪರವಾಗಿಲ್ಲ, ನೀರು ಬಿಸಿಯಾಗಿಯೇ ಬರುತ್ತಿದೆ. ಸ್ನಾನವೊಂದೇ ನನಗೀಗ ಸುಖ. ಆಮೇಲೆ ಮಲಗುತ್ತೇನೆ.

ಜನವರಿ 24 ಅಥವಾ 25

ತಿಂಡಿಗೆ ಓಟ್‌ಕೇಕ್ ಮಾಡಿದ್ದೆ, ಈ ಸೀಮೆಯ ಓಟ್ಸ್ ದೋಸೆ, ಚೀಸ್ ಹಾಕಿ. ಬರ್ನಾರ್ಡ್ ತಿನ್ನದೆ ತಟ್ಟೆ ನೋಡುತ್ತಾ ಕೂತಿದ್ದ. ಆಮೇಲೆ ಹೇಳಿದ. ಹೇಳಿದ್ದನ್ನು ಹಾಗೇ ಬರೆದಿಡುತ್ತೇನೆ, ಡಾಕ್ಟರಿಗೆ ಬೇಕಾಗಬಹುದು.

“ಪಿಯಾನೋ ಮಾರಿ ಈ ದೋಣಿ ತಗೊಂಡ್ವಲ್ಲ, ಆವತ್ತಿಂದ ನಾನು ಯಾರ್ದೋ ಮನೇಲಿ ನೆಂಟ ಇದ್ದ ಹಾಗಿದೀನಿ ಥೆಲ್ಮಾ. ನಂಗೆ ಈ ನೀರು ಕಂಡ್ರೆ ಆಗಲ್ಲ. ಯಾವತ್ತೂ ಆಗ್ತಿರ್ಲಿಲ್ಲ.”

ಹೇಳಿ, ಓಟ್‌ಕೇಕ್ ತಿಂದ.

ಇದು ಅವನ ಮಾತಲ್ಲ. ದೋಣಿ ಕೊಳ್ಳೋಣ ಅಂದಾಗ “ಪಿಯಾನೋ ಏನು, ಮರ ಮತ್ತು ತಂತಿ” ಅಂದವನು ಅವನೇ. ಕಾಯಿಲೆ ಮಾತಾಡಿಸುತ್ತಿದೆ. ಓದಿದ್ದೇನೆ, ಹೀಗೆ ಏನೇನೋ ಹೇಳುತ್ತಾರಂತೆ.

ಆಸ್ಪತ್ರೆಯ ಮರೆವಿನ ವಿಭಾಗಕ್ಕೆ ಅವನ ಹೆಸರು ಬರೆಸಿದೆ, ಅವನಿಗೆ ಹೇಳದೆ. ದೋಣಿ ಮಾರಿಸಿಕೊಡುವ ಪಾರ್ಟನ್ ಅವರಿಗೂ ಫೋನ್ ಮಾಡಿದೆ. ಫೆಬ್ರವರಿ ಹನ್ನೊಂದನೇ ತಾರೀಕು ಶನಿವಾರ ಬಂದು ನೋಡುತ್ತಾರೆ. ಮರೆವಿನವನನ್ನು ನೀರಿನ ಅಂಚಿನಲ್ಲಿ ಇಟ್ಟುಕೊಳ್ಳುವುದು ಹೇಗೆ? ಒಂದು ಹೆಜ್ಜೆ ತಪ್ಪಿದರೆ ಮುಗಿಯಿತು. ಅವನ ಜೀವಕ್ಕಿಂತ ಈ ಕಬ್ಬಿಣ ಹೆಚ್ಚಲ್ಲ. ಮಾರುತ್ತೇನೆ. ಎರಡು ಮಾತಿಲ್ಲ. ಫೋನಿಟ್ಟು ಸ್ನಾನದ ಮನೆಗೆ ಹೋಗಿ ಬಿಸಿನೀರು ಬಿಟ್ಟುಕೊಂಡು ಅತ್ತೆ.

ಜನವರಿ 29

ತಲೆ. ಬೆಳಿಗ್ಗೆ ವಾಂತಿ.

ಬಟ್ಟೆ ಒಗೆದೆ. ಮತ್ತೆ ಒಗೆದೆ, ಒಗೆದಿದ್ದನ್ನೇ. ಬರ್ನಾರ್ಡ್ ಮಲಗಿಯೇ ಇದ್ದಾನೆ. ಇವತ್ತು ಪೂರ್ತಿ ಮಂಕು ಅವನಿಗೆ, ಪಾಪ.

ಚಹಾಕ್ಕೆ ಮೂರು ಕಪ್ ಇಟ್ಟೆ. ಮಾಡ್ ಬಂದರೆ ಚಳಿಯಲ್ಲಿ ಬಂದಿರುತ್ತಾಳೆ. ಆರಿದ ಮೇಲೆ ಚೆಲ್ಲಿದೆ.

ಬರ್ನಾರ್ಡ್ ಹೀಗಾದನಲ್ಲ.

ಫೆಬ್ರವರಿ 3, ಶುಕ್ರವಾರ
ಸ್ಟಾಫರ್ಡ್ ಆಸ್ಪತ್ರೆ

ಮೂಗು ಬಾಯಿಗೆ ಮುಖವಾಡ ಕಟ್ಟಿಕೊಂಡು ಬರೆಯುತ್ತಿದ್ದೇನೆ. ಪಕ್ಕದ ಮಂಚದಲ್ಲಿ ಬರ್ನಾರ್ಡ್, ಅವನಿಗೂ ಅದೇ. ಬೆರಳೆತ್ತಿ ಏನೋ ತೋರಿಸುತ್ತಿದ್ದಾನೆ. ಆಮ್ಲಜನಕದ ಯಂತ್ರದ ಶ್ರುತಿ ಸರಿಯಿದೆ ಅಂತ ಇರಬೇಕು.

ಕೀತ್ ಹತ್ತು ಗಂಟೆಗೆ ಬಂದ. ದಪ್ಪ ಮನುಷ್ಯ, ಬಾಗಿಲಲ್ಲಿ ಅಡ್ಡ ತಿರುಗಿ ಒಳಗೆ ಬರಬೇಕಾಯಿತು. ನಾನು ಆಗಷ್ಟೇ ಸ್ನಾನ ಮುಗಿಸಿದ್ದೆ. ಗೀಸರಿನ ಮೈಮೇಲೆ ಹಿಡಿದ ಕಪ್ಪು ಮಸಿಯನ್ನು ಬೆರಳಲ್ಲಿ ಒರೆಸಿ ನೋಡಿದ. ಆ ಮಸಿ ಅಷ್ಟಿತ್ತು ಅಂತ ನನಗೆ ಅವನು ಒರೆಸಿದಾಗಲೇ ಕಂಡದ್ದು.

“ಗ್ಯಾಸ್ ಅಲಾರಂ ಎಲ್ಲಿ?”

“ಹೊರಗೆ. ಹಬೆಗೆ ಕಿರುಚುತ್ತೆ ಅಂತ.”

ಚೀಲದಿಂದ ಒಂದು ಯಂತ್ರ ತೆಗೆದು ಹಿಡಿದ. ಅದರೊಳಗಿನ ಅಂಕಿ ಏರುತ್ತಲೇ ಹೋಯಿತು.

“ಇಬ್ಬರೂ ಹೊರಗೆ ನಡೀರಿ. ಈಗಲೇ. ಕೋಟು ಆಮೇಲೆ.”

ಬರ್ನಾರ್ಡನನ್ನು ಹೆಚ್ಚುಕಡಿಮೆ ಎತ್ತಿಕೊಂಡೇ ದಡಕ್ಕೆ ತಂದ. ಗ್ಯಾಸ್ ಬಂದ್ ಮಾಡಿ, ಹಿಂದಿನ ಮುಂದಿನ ಬಾಗಿಲುಗಳನ್ನೆಲ್ಲ ತೆರೆದು ಹಾಕಿದ. ಒದ್ದೆ ಹುಲ್ಲಿನ ಮೇಲೆ ಕೂತು ನೋಡುತ್ತಿದ್ದೆವು. ಚಾವಣಿಯ ಮೇಲೆ ಹತ್ತಿ ಒಂದೊಂದೇ ಕಿಂಡಿಯಿಂದ ಕಾಲುಚೀಲ ಎಳೆದು ದಡಕ್ಕೆ ಎಸೆದ. ಐದು.

“ಯಾರ್ದು ಇವು?”

“ನನ್ನವು,” ಅಂದ ಬರ್ನಾರ್ಡ್.

“ತುರುಕಿದ್ದು?”

ನಾನು ಕೈ ಎತ್ತಿದೆ, ಶಾಲೆಯಲ್ಲಿ ಎತ್ತಿದ ಹಾಗೆ.

ಕೀತ್ ಮೂತಿಗೆ ಏನೋ ಕಟ್ಟಿಕೊಂಡು ಒಳಗೆ ಹೋಗಿ ಗೀಸರ್ ಬಿಚ್ಚಿ ನೋಡಿ ಬಂದ. “ಹೊಗೆ ಕೊಳವೆ ಮೇಲಿನ ಟೋಪಿ ಬಗ್ಗಿದೆ. ಯಾವುದೋ ಮರದ ಕೊಂಬೆ ಬಡಿದಿರ್ಬೇಕು. ಒಳಗೆಲ್ಲ ಮಸಿ ಕಟ್ಟಿ ಹೊಗೆ ವಾಪಸ್ ಒಳಗೇ ಬರ್ತಿತ್ತು. ಗಾಳಿ ಕೆಟ್ಟಾಗ ತಾನೇ ಆರ್ಕೊಳ್ಳೋಕೆ ಅದಕ್ಕೊಂದು ತಂತಿ ಇದೆ. ಅದನ್ನ ಯಾರೋ...”

“ನಾನು,” ಅಂದ ಬರ್ನಾರ್ಡ್.

ಕೀತ್ ನಮ್ಮಿಬ್ಬರನ್ನೂ ನೋಡಿದ. “ಒಬ್ರು ಗಾಳಿಕಿಂಡಿ ಮುಚ್ಚಿದೀರಿ, ಒಬ್ರು ಕಾವಲುಗಾರನ್ನ ಕಟ್ಟಿಹಾಕಿದೀರಿ. ಒಳ್ಳೇ ಜೋಡಿ. ಆ ಹೊಗೆಯಲ್ಲಿರೋದು ಕಾರ್ಬನ್ ಮಾನಾಕ್ಸೈಡ್, ವಿಷ. ಇದಕ್ಕೆ ವಾಸನೆ ಇರಲ್ಲ, ಬಣ್ಣ ಇರಲ್ಲ. ಮೊದಲು ತಲೆ ಕೆಡಿಸುತ್ತೆ, ತಲೆ ಕೆಟ್ಟಿದೆ ಅಂತ ಗೊತ್ತಾಗೋ ಬುದ್ಧೀನೂ ಬಿಡಲ್ಲ. ಮೂರು ವಾರನಾ? ಇಬ್ರೂ ಉಳಿದಿರೋದು ಆಗಾಗ ಹೊರಗೆ ಬಂದಿದ್ದಕ್ಕೆ.”

ತನ್ನ ವ್ಯಾನಿನಲ್ಲೇ ಕರೆದುಕೊಂಡು ಬಂದ. ದಾರಿಯುದ್ದಕ್ಕೂ ಕಿಟಕಿ ಇಳಿಸಿದ್ದ. ನನಗೆ ಭಯವಾಗಬೇಕಿತ್ತು. ಆಗಿದ್ದು ಸಂತೋಷ. ಬರ್ನಾರ್ಡನ ತಲೆ ಕೆಟ್ಟಿಲ್ಲ. ಗ್ಯಾಸಿನ ಕಾಟ, ಅಷ್ಟೇ. ಅವನ ಕೈ ಹಿಡಿದುಕೊಂಡೇ ಕೂತೆ. ನಗುವೋ ಅಳುವೋ ಗೊತ್ತಾಗಲಿಲ್ಲ, ಎರಡೂ ಒಟ್ಟಿಗೆ ಬರುತ್ತಿದ್ದವು.

ಫೆಬ್ರವರಿ 8, ಬುಧವಾರ
ಪೆಂಕ್ರಿಜ್

ಹದಿನಾಲ್ಕು ದಿನ ಮೀರಿತ್ತು, ಆಸ್ಪತ್ರೆಯ ಕಾಗದ ನೋಡಿ ಕಾಲುವೆಯವರು ಇಲ್ಲೇ ನಿಲ್ಲಲು ಬಿಟ್ಟರು. ಕೀತ್ ಹೊಸ ಗೀಸರ್ ಹಾಕಿದ. ಹೊಸ ಕೊಳವೆ, ಹೊಸ ಟೋಪಿ. ಅಲಾರಂ ಗೋಡೆಗೆ ವಾಪಸ್. ಉರಿ ನೀಲಿ. ಬರ್ನಾರ್ಡ್ ಕಿವಿಗೊಟ್ಟು ಕೇಳಿ ತಲೆಯಾಡಿಸಿದ. ಹೋಗುವಾಗ ಕೀತ್ ಗಾಳಿಕಿಂಡಿಗಳಲ್ಲಿ ಬೆರಳಾಡಿಸಿ ನೋಡಿ ಹೋದ. ನನ್ನ ಮೇಲೆ ನಂಬಿಕೆಯಿಲ್ಲ, ಇರಬೇಕಾಗಿಯೂ ಇಲ್ಲ.

ದೋಣಿಯಲ್ಲೀಗ ಗಾಳಿ ಸುಯ್ಯೆಂದು ಬೀಸುತ್ತಿದೆ. ಎರಡು ಸ್ವೆಟರ್ ಹಾಕಿ ಕೂತು ಈ ಪುಸ್ತಕವನ್ನು ಮೊದಲಿಂದ ಓದಿದೆ. ಓದಬಾರದಿತ್ತು.

ಕೀತ್‌ಗೆ ತಪ್ಪು ಕಾಲುವೆ ಹೇಳಿದವಳು ನಾನು. ನನ್ನದೇ ಅಕ್ಷರದಲ್ಲಿ ಇದೆ. ಲಾಕಿನ ಮೇಲಿನ ಕಿಂಡಿ ಮುಚ್ಚುವುದು ನನ್ನ ಕೆಲಸ ಅಂತ ಬರೆದು, ಮುಂದಿನ ಸಾಲಿನಲ್ಲೇ ಅವನ ಮೇಲೆ ಹರಿಹಾಯ್ದಿದ್ದೇನೆ. ಮೂರು ಕಪ್ ಇಟ್ಟವಳೂ ನಾನೇ. ಆ ದಿನ ನನಗೆ ಒಂದಿಷ್ಟೂ ನೆನಪಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ ಆ ಪಾಪದವನ ತಲೆ ಡೊಂಕು ಅಂತ ನಾನು ಡಾಕ್ಟರಿಗೆ ಬರೆಸಿದೆ.

ಪಾರ್ಟನ್ ವಿಷಯವೊಂದನ್ನು ಬಿಟ್ಟು ಅವನಿಗೆ ಎಲ್ಲ ಹೇಳಿಬಿಟ್ಟೆ. ಮರೆವಿನ ವಿಭಾಗದ್ದೂ. ಬೇಜಾರು ಮಾಡಿಕೊಳ್ಳುತ್ತಾನೆ ಅಂದುಕೊಂಡರೆ ಹೊಟ್ಟೆ ಹಿಡಿದು ನಕ್ಕ.

“ನಾನು ನಿಂಗೆ ಬರೆಸಿದ್ದೆ,” ಅಂದ. “ಇಪ್ಪತ್ತೊಂದನೇ ತಾರೀಕು. ಬ್ರೆಡ್ ಡಬ್ಬಿ ವಿಷಯ ಆದ್ಮೇಲೆ. ಪೂರ್ತಿ ಒಂದು ಪಟ್ಟಿ ಮಾಡಿಟ್ಟಿದೀನಿ.”

“ಪಟ್ಟೀಲಿ ಎಷ್ಟಿದೆ?”

“ಅರ್ಧ ನಂದೇ ಅಂತ ಈಗ ಗೊತ್ತಾಗ್ತಿದೆ.”

ಇಬ್ಬರೂ ಫೋನ್ ಮಾಡಿ ಇಬ್ಬರ ಹೆಸರನ್ನೂ ತೆಗೆಸಿದೆವು. ಆ ಕಡೆಯ ಹುಡುಗಿ, “ಮರೆತು ಎರಡು ಸಲ ಬುಕ್ ಮಾಡಿದ್ರಾ?” ಅಂತ ಮೆಲ್ಲಗೆ ಕೇಳಿದಳು. ಇಲ್ಲ ಅಂದೆ.

ಪಾರ್ಟನ್‌ಗೆ ನಾಳೆ ಫೋನ್ ಮಾಡಿ ಬರಬೇಡಿ ಅನ್ನಬೇಕು. ದೋಣಿ ಮಾರುವ ಮಾತು ಮುಗಿಯಿತು.

ಫೆಬ್ರವರಿ 9, ಗುರುವಾರ

ಪಾರ್ಟನ್‌ಗೆ ಫೋನ್ ಮಾಡಲಿಲ್ಲ. ಮಾಡಲು ಕೂತೆ, ನಂಬರ್ ಒತ್ತಲಿಲ್ಲ.

ಓಟ್‌ಕೇಕ್ ದಿನದ ಪುಟವನ್ನು ಮತ್ತೆ ಓದಿದೆ. ಕಾಲುವೆಯ ಹೆಸರು, ಕಿಂಡಿ, ಮೂರು ಕಪ್ಪು ಎಲ್ಲಕ್ಕೂ ಗ್ಯಾಸು ಅಂತ ಷರಾ ಬರೆದಾಯಿತು. ಈ ಮಾತಿಗೂ ಅದನ್ನೇ ಬರೆದು ಪುಸ್ತಕ ಮುಚ್ಚಬಹುದು. ಆದರೆ ಮಂಕಾದವನ ಮಾತು ತೊದಲುತ್ತದೆ, ಎಲ್ಲೋ ಶುರುವಾಗಿ ಎಲ್ಲೋ ಹೋಗುತ್ತದೆ. ಇದು ಹಾಗಿಲ್ಲ. ತುದಿಯಿಂದ ತುದಿಗೆ ನೆಟ್ಟಗಿದೆ.

ಬರ್ನಾರ್ಡ್ ಇವತ್ತು ಲವಲವಿಕೆಯಲ್ಲಿದ್ದಾನೆ. ಚಾವಣಿ ಗುಡಿಸಿದ, ಸೌದೆ ಒಡೆದ. ಕೇಳದೆ ಇದ್ದರೆ ಅವನು ಇನ್ನು ಹನ್ನೊಂದು ವರ್ಷವೂ ಹೇಳುವುದಿಲ್ಲ. ಅದೇ ನನಗೆ ಅನುಕೂಲ. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯಾಯಿತು.

ಫೆಬ್ರವರಿ 10, ಶುಕ್ರವಾರ

ಕೇಳಿದೆ. ನಾನು ತಟ್ಟೆ ತೊಳೆಯುತ್ತಿದ್ದೆ, ಅವನು ಒರೆಸುತ್ತಿದ್ದ.

“ಆವತ್ತು ಪಿಯಾನೋ ಬಗ್ಗೆ ಒಂದು ಮಾತು ಅಂದೆಯಲ್ಲ. ಅದೂ ಗ್ಯಾಸಾ?”

ಅದೇ ತಟ್ಟೆಯನ್ನು ಬಹಳ ಹೊತ್ತು ಒರೆಸಿದ. “ನೆನಪಿಲ್ಲ ಅಂದ್ಬಿಡಬಹುದು. ನೀನು ನಂಬ್ತೀಯ.”

“ನೆನಪಿದೆಯಾ?”

“ಇದೆ.”

ನೀರು ಹರಿಯುತ್ತಲೇ ಇತ್ತು. ನಲ್ಲಿ ನಿಲ್ಲಿಸಿದೆ. “ಹನ್ನೊಂದು ವರ್ಷ ಯಾಕೆ ಬಾಯಿ ಬಿಡ್ಲಿಲ್ಲ?”

“ಚುಕ್ಕಾಣಿ ಹಿಡಿದು ನಿಂತಾಗ ನಿನ್ನ ಮುಖ ಹೇಗಿರುತ್ತೆ ಅಂತ ನೀನು ನೋಡಿಲ್ಲ. ನಾನು ನೋಡಿದೀನಿ. ಅದನ್ನ ನೋಡಿ ಹೇಗೆ ಹೇಳೋದು? ಇವತ್ತು ಬೇಡ, ವಸಂತ ಕಳೀಲಿ, ಬೇಸಿಗೆ ಕಳೀಲಿ ಅಂತ. ಆವತ್ತು ತಲೆ ಕೆಟ್ಟು ಬಾಯಿ ಜಾರ್ತು.”

“ಏನು ಬೇಕು ನಿಂಗೆ? ನೆಟ್ಟಗೆ ಹೇಳು.”

“ಕೇಳಲಾ?”

“ಕೇಳು ಅಂತಾನೇ ಹೇಳ್ತಿರೋದು.”

“ಒಂದು ಕೋಣೆ. ನೆಲ ಅಲುಗಾಡಬಾರ್ದು, ತೇವ ಇರಬಾರ್ದು. ಒಂದು ಪಿಯಾನೋ. ಹಳೇದಾದ್ರೂ ಸರಿ, ಶ್ರುತಿ ನಾನೇ ಮಾಡ್ಕೋತೀನಿ.” ಆಮೇಲೆ ತಟ್ಟೆ ಇಟ್ಟು, “ನೀನು ಇಲ್ಲ ಅಂದ್ರೆ ಮತ್ತೆ ಕೇಳಲ್ಲ. ಸೌದೆ ತರ್ತೀನಿ,” ಅಂತ ಹೊರಗೆ ಹೋದ.

ಕೋಪ ಬಂತು. ಇಷ್ಟು ವರ್ಷ ನಾನು ಯಾರ ಜೊತೆ ಸುಖವಾಗಿದ್ದೆ? ನೆಂಟನ ಜೊತೆ. ನನ್ನ ಸುಖಕ್ಕೆಲ್ಲ ಅವನು ಬಾಯಿ ಮುಚ್ಚಿಕೊಂಡು ಕಾವಲು ಕೂತಿದ್ದ, ನನ್ನನ್ನು ಕೇಳದೆ. ನಾನೂ ಅವನನ್ನು ಒಂದು ಸಲವೂ ಕೇಳಲಿಲ್ಲ. ಕೇಳಿದರೆ ಎಲ್ಲಿ ಹೇಳಿಬಿಡುತ್ತಾನೋ ಅಂತ ಇರಬಹುದು.

ಇನ್ನೊಂದು ಬರೆಯಲೇಬೇಕು. ತಲೆ ಕೆ‌ಟ್ಟ ಗಂಡನಿಗಾಗಿ ಈ ದೋಣಿ ಮಾರಲು ನಾನು ಒಂದು ಗಳಿಗೆಯೂ ಹಿಂದೆಮುಂದೆ ನೋಡಲಿಲ್ಲ. ಎರಡು ಮಾತಿಲ್ಲ ಅಂತ ಬರೆದಿದ್ದೇನೆ. ತಲೆ ಸರಿಯಿರುವ ಗಂಡ ಅದನ್ನೇ ಬಾಯಿಬಿಟ್ಟು ಕೇಳಿದರೆ ಮನಸ್ಸು ಯಾಕೆ ಬರುತ್ತಿಲ್ಲ? ಬೆಳಗಿನಿಂದ ಇದೇ ಯೋಚನೆ. ಈಗ ತಪ್ಪು ಹೊರಿಸಲು ಗೀಸರೂ ಇಲ್ಲ.

ಫೆಬ್ರವರಿ 11, ಶನಿವಾರ

ಪಾರ್ಟನ್ ಹನ್ನೊಂದು ಗಂಟೆಗೆ ಬಂದರು. ಬೂಟು ಬಿಚ್ಚಿ ಒಳಗೆ ಬಂದದ್ದು ನೋಡಿ ಒಳ್ಳೆಯವರು ಅನ್ನಿಸಿತು. ಬರ್ನಾರ್ಡನಿಗೆ ಅವರು ಬರುವುದು ಗೊತ್ತಿರಲಿಲ್ಲ. ಸೌದೆಯ ಕೈಯಲ್ಲೇ ಬಾಗಿಲಲ್ಲಿ ನಿಂತ.

ಅಳತೆ ತೆಗೆದರು, ಎಂಜಿನ್ ನೋಡಿದರು, ಗೀಸರ್ ಹೊಸದು ಅಂತ ಮೆಚ್ಚಿದರು. ಕೊನೆಗೆ ಮೇಜಿನ ಮೇಲೆ ಅರ್ಜಿ ಹರಡಿ ತುಂಬುತ್ತಾ ಕೂತರು. ಹೆಸರು, ಉದ್ದ, ಕಟ್ಟಿದ ವರ್ಷ. ನಾನು ನೆಟ್ಟಗೆ ಕೂತು ಒಂದೊಂದಕ್ಕೂ ಉತ್ತರ ಕೊಟ್ಟೆ.

“ಮಾರೋದಕ್ಕೆ ಕಾರಣ ಅಂತ ಏನು ಬರ್ಕೊಳ್ಳಲಿ ಮೇಡಂ?” ಅಂದರು. “ಫೋನಲ್ಲಿ ಯಜಮಾನರ ಆರೋಗ್ಯ ಅಂದ ಹಾಗಿತ್ತು.”

ಬರ್ನಾರ್ಡ್ ನನ್ನನ್ನೇ ನೋಡುತ್ತಿದ್ದ.

“ಅವನ ಆರೋಗ್ಯ ಚೆನ್ನಾಗಿದೆ,” ಅಂದೆ. “ಅವನು ಕೇಳಿದ. ಅಷ್ಟೇ ಬರ್ಕೊಳ್ಳಿ.”